ಏಳನೆಯ ಕಲ್ಲು

ನಿಮ್ಮ ಮೊದಲ ಬರಹ ಯಾವುದು ಎಂದು ಯಾರಾದರೂ ಕೇಳಿದರೆ, ವಾರಪತ್ರಿಕೆಯೊಂದರಲ್ಲಿ ಬಂದ ಒಂದು ಕತೆಯ ಹೆಸರು ಹೇಳುತ್ತೇನೆ. ಸನ್ಮಾನದ ವೇದಿಕೆಗಳಲ್ಲಿ ಹೇಳಿದ್ದೇನೆ, ಸಂದರ್ಶನಕ್ಕೆ ಬಂದವರಿಗೆ ಹೇಳಿದ್ದೇನೆ, ಒಂದು ಪುಸ್ತಕದ ಬೆನ್ನುಪುಟದಲ್ಲೂ ಹಾಗೇ ಅಚ್ಚಾಗಿದೆ. ಅದು ಸುಳ್ಳು. ನನ್ನ ಹೆಸರಿನ ಜೊತೆ ಮೊದಲು ಅಚ್ಚಾದದ್ದು ಕತೆಯಲ್ಲ, ಇತಿಹಾಸ, ಅದೂ ಇಂಗ್ಲಿಷಿನಲ್ಲಿ. ಮುಂಬಯಿಯ ಅಂಚಿನಲ್ಲಿದ್ದ ಒಂದು ಸಣ್ಣ ಸೈನಿಕ ಠಾಣೆಯ ಇತಿಹಾಸ, ಎಂಟು ಪುಟ. ಅದರ ಒಂದು ಪ್ರತಿಯನ್ನೂ ನಾನು ಇಟ್ಟುಕೊಂಡಿಲ್ಲ. ಆದರೂ ಅದರ ಒಂದು ವಾಕ್ಯ ಇವತ್ತಿಗೂ ಬಾಯಿಪಾಠ: "ಈ ಜಾಗ ಸೈನ್ಯದ ವಶಕ್ಕೆ ಬರುವ ಮುನ್ನ ಇಲ್ಲಿ ಹುಲ್ಲುಗಾವಲಿನ ಹೊರತು ಮತ್ತೇನೂ ಇರಲಿಲ್ಲ."

ಎಷ್ಟು ಚೊಕ್ಕ ವಾಕ್ಯ! ಇಂಗ್ಲಿಷಿನಲ್ಲಂತೂ ಇನ್ನೂ ಚೊಕ್ಕವಾಗಿತ್ತು. ಅದನ್ನು ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಐವತ್ತರ ದಶಕದ ಮೊದಲ ವರ್ಷಗಳಲ್ಲಿ, ಇಂಟರ್‌ಮೀಡಿಯೆಟ್ ಮುಗಿಸಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿಕೊಂಡು, ಮೈಸೂರಿನಿಂದ ಬಂದು ಆ ಠಾಣೆಯಲ್ಲಿ ಗುಮಾಸ್ತನಾಗಿ ಸೇರಿದೆ. ಠಾಣೆಯಿದ್ದ ಮಲಾಡ್ ಆಗ ಮುಂಬಯಿಯೇ ಆಗಿರಲಿಲ್ಲ. ನಗರದ ಎಲ್ಲೆ ಎಷ್ಟೋ ಸ್ಟೇಷನ್ ಹಿಂದೆಯೇ ಮುಗಿದುಹೋಗುತ್ತಿತ್ತು. ನಾವಿದ್ದ ಚಾಳಿನವರೆಲ್ಲ ಲೋಕಲ್ ರೈಲು ಹತ್ತುವಾಗ "ಮುಂಬಯಿಗೆ ಹೋಗಿಬರ್ತೀನಿ" ಎಂದೇ ಹೇಳುತ್ತಿದ್ದರು. ಸ್ಟೇಷನ್ನಿನಿಂದ ಪಡುವಣಕ್ಕೆ, ಸಮುದ್ರ ಒಳಚಾಚಿದ ಖಾರಿಯ ಉಪ್ಪುನೀರಿನ ಕಡೆಗೆ, ಮುಕ್ಕಾಲು ಗಂಟೆ ನಡೆದರೆ ನಮ್ಮ ಠಾಣೆ. ಯುದ್ಧದ ಕಾಲದಲ್ಲಿ ಖಾರಿಯ ದಾರಿಯಿಂದ ಶತ್ರು ನುಗ್ಗಿಬಿಟ್ಟಾನೆಂದು ಬ್ರಿಟಿಷರು ಅವಸರವಸರವಾಗಿ ಹಾಕಿದ್ದು. ಶತ್ರು ಬರಲಿಲ್ಲ, ಬ್ರಿಟಿಷರು ಹೊರಟುಹೋದರು, ಠಾಣೆ ಮಾತ್ರ ಉಳಿಯಿತು. ತಗಡಿನ ಮಾಡಿನ ನಾಲ್ಕು ಬ್ಯಾರಕ್, ಡೇರೆ ಮತ್ತು ಟಾರ್ಪಾಲಿನ್ ತುಂಬಿದ ಎರಡು ಗೋದಾಮು, ಒಂದು ನೀರಿನ ಟಾಂಕಿ, ಒಂದು ಕವಾಯತು ಮೈದಾನ. ಸೈನಿಕರ ನಡುವೆ ಪ್ಯಾಂಟು-ಶರಟಿನ ಗುಮಾಸ್ತರು ನಾವು ಮೂವರು. ನಮ್ಮನ್ನು ಎಲ್ಲರೂ ಬಾಬೂಜಿ ಎನ್ನುತ್ತಿದ್ದರು.

ಸೈನ್ಯದಲ್ಲಿ ನಾನು ಮೊದಲು ಕಲಿತದ್ದು ಸುಣ್ಣದ ಮಹಿಮೆ. ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ ಹದಿನೈದು ದಿನ ಬೇರೆ ಕೆಲಸವೇ ಇಲ್ಲ. ದಾರಿಯ ಎರಡೂ ಬದಿಯ ಕಲ್ಲುಗಳಿಗೆ ಸುಣ್ಣ, ಮರಗಳಿಗೆ ಸೊಂಟದವರೆಗೆ ಸುಣ್ಣ, ಅದರ ಮೇಲೆ ಒಂದು ಪಟ್ಟಿ ಕೆಮ್ಮಣ್ಣು. ಆ ಕೆಮ್ಮಣ್ಣಿಗೆ ಅವರು ಗೇರೂ ಎನ್ನುತ್ತಿದ್ದರು. ಬೆಂಕಿ ಆರಿಸುವ ಬಕೆಟ್ಟಿಗೂ ಗೇರೂ, ಅಡುಗೆಮನೆಯ ಕಟ್ಟೆಗೂ ಗೇರೂ. ನಿಂತಲ್ಲೇ ಎರಡು ನಿಮಿಷ ಯೋಚನೆ ಮಾಡುತ್ತಾ ನಿಂತರೆ ನಮಗೂ ಬಳಿದುಬಿಡುತ್ತಾರೆಂದು ನಾವು ಗುಮಾಸ್ತರು ತಮಾಷೆ ಮಾಡುತ್ತಿದ್ದೆವು.

ನೀರಿನ ಟಾಂಕಿಯ ಹಿಂದೆ, ಎರಡು ತಾಳೆಮರಗಳ ನಡುವೆ, ಮೊಣಕಾಲೆತ್ತರದ ಒಂದು ಕಲ್ಲಿತ್ತು. ಅದಕ್ಕೆ ಮಾತ್ರ ಸುಣ್ಣ ಬಳಿಯುತ್ತಿರಲಿಲ್ಲ. ಅದು ದೇವಿ. ಯುದ್ಧಕ್ಕೆ ಮುಂಚೆ ಅಲ್ಲಿ ಹನ್ನೊಂದು ಮನೆಗಳ ಒಂದು ಹಾಡಿ ಇತ್ತಂತೆ. ಸೈನ್ಯ ಬಂದು, ಒಂದು ವಾರದೊಳಗೆ ಅವರನ್ನೆಲ್ಲ ನಾಲೆಯ ಆಚೆಗೆ ಕಳಿಸಿತು. ದೇವಿಯನ್ನು ಎತ್ತಿಕೊಂಡು ಹೋಗುವ ಹಾಗಿಲ್ಲ ಎಂದು ಊರವರು ಅತ್ತಾಗ, ಆಗಿನ ಬಿಳಿಯ ಅಧಿಕಾರಿ ಒಂದು ಮಾತು ಕೊಟ್ಟನಂತೆ: ವರ್ಷಕ್ಕೊಂದು ದಿನ, ಚೈತ್ರದ ಹುಣ್ಣಿಮೆಗೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಗೇಟು ತೆರೆದಿರುತ್ತದೆ, ಬಂದು ಪೂಜೆ ಮಾಡಿಕೊಂಡು ಹೋಗಿ. ಇದನ್ನು ಯಾರೂ ಬರೆದಿಡಲಿಲ್ಲ. ಗೇಟಿನ ಕಾವಲಿನವರು ಬದಲಾಗುವಾಗ, ಬೀಗದ ಕೈಗೊಂಚಲು, ಲಾಟೀನು, ಶಿಳ್ಳೆ ಎಂದು ಒಪ್ಪಿಸುತ್ತಾ, ಕೊನೆಗೆ ಬಾಯಲ್ಲಿ "ಮತ್ತೆ ಚೈತ್ರದಲ್ಲಿ ಊರವರು ಬರ್ತಾರೆ, ಬಿಡಬೇಕು" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು. ಬ್ರಿಟಿಷರ ಕಾವಲಿನವನು ನಮ್ಮವನಿಗೆ ಹೇಳಿದ, ಅವನು ಮುಂದಿನವನಿಗೆ. ಹಾಗೇ ನಡೆದುಕೊಂಡು ಬಂದಿತ್ತು.

ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶವನ್ನು ದೇವರು ನನಗೆ ಕೊಡಲಿಲ್ಲ. ಆ ಹಾಡಿಯ ಒಬ್ಬ ಮುದುಕಿ ದಿನಾ ಬೆಳಿಗ್ಗೆ ನಮ್ಮ ಚಾಳಿಗೆ ಸೊಪ್ಪು ಮಾರಲು ಬರುತ್ತಿದ್ದಳು. ಎಲ್ಲರೂ ಆಜಿ ಎನ್ನುತ್ತಿದ್ದರು, ಅಂದರೆ ಅಜ್ಜಿ. ನನ್ನ ಹೆಂಡತಿ ಮರಾಠಿ ಕಲಿತದ್ದೇ ಅವಳಿಂದ. ಮದುವೆಯಾಗಿ ನಾಲ್ಕು ವರ್ಷದಲ್ಲಿ ನನ್ನವಳಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಆಮೇಲಾಮೇಲೆ ಅವಳು ಬಾಗಿಲು ದಾಟುವುದನ್ನೇ ಬಿಟ್ಟಿದ್ದಳು. ಆಜಿ ಹೊಸ್ತಿಲಲ್ಲಿ ಬುಟ್ಟಿ ಇಳಿಸಿ, ಅವಳ ತಲೆ ಬಾಚಿ, ಒಂದು ಚೈತ್ರದಲ್ಲಿ ಕೈಹಿಡಿದು ದೇವಿಯ ಹತ್ತಿರ ಕರೆದುಕೊಂಡು ಹೋದಳು. ಗೇಟಿನಲ್ಲಿ ಕಾವಲಿನವನು ಹೊಸ ಮುಖ ನೋಡಿ ತಡೆದಾಗ, ಆಫೀಸಿನಿಂದ ಇಳಿದುಬಂದು, "ನನ್ನ ಮನೆಯವಳು, ಬಿಡಪ್ಪ" ಎಂದವನೇ ನಾನು. ಕಲ್ಲಿಗೆ ಆಜಿ ಎಣ್ಣೆಯಲ್ಲಿ ಕಲಸಿದ ಸಿಂಧೂರ ಮೆತ್ತಿದಳು. ನನ್ನವಳು ಮಗುವಾದರೆ ಮುಂದಿನ ವರ್ಷ ರವಿಕೆ ಕಣ ಉಡಿಸುತ್ತೇನೆಂದು ಹರಕೆ ಹೊತ್ತಳು. ಅವತ್ತಿನಿಂದ ಆಜಿ ಅವಳನ್ನು ಮಗಳೆಂದಳು, ಆದ್ದರಿಂದ ನಾನು ಜಾವಯ, ಅಂದರೆ ಅಳಿಯ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನವಳು ನಾಲ್ಕು ತಿಂಗಳ ಬಸುರಿ.

ಅದೇ ಸುಮಾರಿಗೆ ಠಾಣೆಗೆ ಹೊಸ ಮೇಜರ್ ಬಂದರು. ಓದಿಕೊಂಡ ಮನುಷ್ಯ, ಮಾತು ಮೆಲ್ಲಗೆ, ಸಿಗರೇಟನ್ನೂ ಯಾರಿಗೂ ತೊಂದರೆಯಾಗದ ಹಾಗೆ ಸೇದುತ್ತಿದ್ದರು. ಪ್ರತಿಯೊಂದು ಠಾಣೆಯೂ ತನ್ನ ಇತಿಹಾಸ ಬರೆದು ಕಳಿಸಬೇಕೆಂದು ಮೇಲಿನಿಂದ ಕಾಗದ ಬಂದಿತ್ತು. ನನ್ನ ಟೈಪಿನಲ್ಲಿ ತಪ್ಪುಗಳು ಕಡಿಮೆ ಎಂದು ಅವರು ಅದನ್ನು ನನಗೇ ವಹಿಸಿದರು. ಹಿಗ್ಗಿ ಹೀರೇಕಾಯಿಯಾದೆ. ಆ ಕಾಲದಲ್ಲಿ ನಾನು ಬರೆದ ಕತೆಗಳೆಲ್ಲ ಪತ್ರಿಕೆಗಳಿಂದ ಹೋದ ಹಾಗೇ ವಾಪಸು ಬರುತ್ತಿದ್ದವು. ಈಗ ಒಬ್ಬ ಮೇಜರ್ ಕುರ್ಚಿ ಕೊಟ್ಟು ಕೂರಿಸಿ, ನೀವು ಬರೆಯಿರಿ ಎನ್ನುತ್ತಿದ್ದಾರೆ!

ಕಪಾಟಿನಲ್ಲಿದ್ದ ಗೆದ್ದಲು ಹಿಡಿದ ಕಡತಗಳನ್ನೆಲ್ಲ ಕೊಡವಿ ಓದಿದೆ. ಜಾಗ ವಶಪಡಿಸಿಕೊಂಡ ಕಾಗದದಲ್ಲಿ "ಖಾಲಿ ಹುಲ್ಲುಗಾವಲು, ವಸತಿ ಇಲ್ಲ" ಎಂದಿತ್ತು. ಹನ್ನೊಂದು ಮನೆ ಎಲ್ಲಿ ಹೋದವು? ಕವಾಯತು ಮೈದಾನದ ಮೂಲೆಯಲ್ಲಿ ಸಿಮೆಂಟು ಹಾಸಿ ಮುಚ್ಚಿದ ಅವರ ಬಾವಿಯನ್ನು ದಿನಾ ದಾಟಿಕೊಂಡೇ ನಾನು ಆಫೀಸಿಗೆ ಬರುತ್ತಿದ್ದೆ. ಆದರೆ ಬಾವಿಗೆ ಕಡತವಿಲ್ಲ. ಆಜಿಯನ್ನು ಕೂರಿಸಿಕೊಂಡು ಕೇಳಿದ್ದರೆ ಮನೆಮನೆಯ ಲೆಕ್ಕ ಒಪ್ಪಿಸುತ್ತಿದ್ದಳು. ಸೊಪ್ಪಿನ ಮುದುಕಿಯ ಮಾತನ್ನು ಇತಿಹಾಸದಲ್ಲಿ ಹಾಕುವುದೇ? ಮೇಜರ್ ಏನೆಂದುಕೊಂಡಾರು? ಕಾಗದದಲ್ಲಿದ್ದದ್ದನ್ನೇ ಇನ್ನಷ್ಟು ನಯಮಾಡಿ ಬರೆದೆ.

ಕಡತದಲ್ಲಿ ಒಂದು ಹಳೆಯ ನಕ್ಷೆಯೂ ಸಿಕ್ಕಿತು. ಠಾಣೆಯ ಸುತ್ತ ಏಳು ಗಡಿಕಲ್ಲುಗಳ ಗುರುತು. ಮೇಜರಿಗೆ ಅದು ಬಹಳ ಹಿಡಿಸಿತು. ಇಬ್ಬರು ಸೈನಿಕರನ್ನು ಕರೆದುಕೊಂಡು ನಾನೇ ಹುಡುಕಾಡಿ ಆರು ಕಲ್ಲು ಪತ್ತೆ ಮಾಡಿದೆ. ಏಳನೆಯದು ನಕ್ಷೆಯ ಪ್ರಕಾರ ನಾಲೆಯ ದಂಡೆಯಲ್ಲಿರಬೇಕಿತ್ತು. ಆ ದಂಡೆ ಯಾವುದೋ ಮಳೆಗಾಲದಲ್ಲಿ ಕುಸಿದು ಹೋಗಿತ್ತು. ಅಷ್ಟು ಬರೆದಿದ್ದರೆ ಆಗುತ್ತಿತ್ತು. ಆದರೆ ಮೇಜರ್ ನಗುತ್ತಾ, "ಏಳನೆಯದನ್ನೂ ಹುಡುಕಿಕೊಡಿ, ನಿಮ್ಮ ಇತಿಹಾಸ ಪೂರ್ತಿಯಾಗುತ್ತೆ" ಎಂದರು. ನಿಮ್ಮ ಇತಿಹಾಸ ಎಂದರು. ಆ ಮಾತು ತಲೆಗೇರಿತು.

ಪುಷ್ಯಮಾಸದ ಚಳಿಯಲ್ಲಿ ದೊಡ್ಡ ಸಾಹೇಬರ ತಪಾಸಣೆ ಗೊತ್ತಾಯಿತು. ಸುಣ್ಣ ಕಲಸುವ ಕೆಲಸ ಶುರು. ಅದರ ಉಸ್ತುವಾರಿಯ ಸುಬೇದಾರರೂ ಆ ವರ್ಷವೇ ತಮ್ಮ ತುಕಡಿಯೊಂದಿಗೆ ವರ್ಗವಾಗಿ ಬಂದವರು, ದೈವಭಕ್ತರು, ಹಣೆಯಲ್ಲಿ ಯಾವಾಗಲೂ ಚಂದನದ ಬೊಟ್ಟು. ಒಂದು ಮಧ್ಯಾಹ್ನ ಅವರು ನನ್ನ ಟೈಪ್‌ರೈಟರಿನ ಮುಂದೆ ಬಂದು ನಿಂತರು. ಟಾಂಕಿಯ ಹಿಂದೆ ಹುಲ್ಲು ಸವರುವಾಗ ಒಂದು ಕಲ್ಲು ಸಿಕ್ಕಿದೆ, ಬಂದು ನೋಡಿ ಎಂದರು.

ಹೋದೆ. ಮಳೆ ಹೊಡೆದು ಸಿಂಧೂರ ಮುಕ್ಕಾಲು ತೊಳೆದುಹೋಗಿತ್ತು. ಕಲ್ಲಿನ ಸಂದುಗಳಲ್ಲಿ ಅಷ್ಟಿಷ್ಟು ಕೆಂಪು ಉಳಿದಿತ್ತು. ಸುಬೇದಾರರು ಬಗ್ಗಿ, ಬೆರಳಿಂದ ಮುಟ್ಟಲು ಹೋಗಿ, ಕೈ ಹಿಂತೆಗೆದರು.

"ಲಾಲ್ ಲಾಲ್ ಕುಛ್ ಲಗಾ ಹೈ, ಬಾಬೂಜಿ. ದೇವೀ ಕಾ ತೋ ನಹೀಂ?"

ಕೆಂಪಗಿದೆ, ದೇವಿಯದಲ್ಲ ತಾನೆ ಎಂದು ಅಷ್ಟು ದೂರದ ಸೀಮೆಯಿಂದ ಬಂದ ಅವರಿಗೆ ಅನುಮಾನ ಬಂತು. ಹೆಂಡತಿ ಇದೇ ಕಲ್ಲಿಗೆ ಹಣೆ ಹಚ್ಚಿದ್ದನ್ನು ಕಣ್ಣಾರೆ ಕಂಡ ನಾನು, "ಗೇರೂ ಹೋಗಾ, ಸಾಬ್. ಪುರಾನಾ ಗೇರೂ" ಎಂದೆ. ಹಳೆಯ ಕೆಮ್ಮಣ್ಣಿರಬೇಕು. ಆಮೇಲೆ, ಅವರು ಕೇಳದಿದ್ದರೂ, ಇದೇ ನಕ್ಷೆಯ ಏಳನೆಯ ಕಲ್ಲು, ದಂಡೆ ಕುಸಿದಾಗ ಯಾರೋ ಇಲ್ಲಿ ತಂದು ನೆಟ್ಟಿರಬೇಕು ಎಂದೂ ಸೇರಿಸಿದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಯಾವ ಲಾಭವೂ ಇರಲಿಲ್ಲ. ಎಂಟು ಪುಟದ ಬರಹ ಚೆನ್ನಾಗಿ ಮುಗಿಯಬೇಕಿತ್ತು, ಅಷ್ಟೇ. ಸುಣ್ಣವೇನು, ಒಂದು ಮಳೆಗೆ ಹೋಗುತ್ತದೆ, ಚೈತ್ರಕ್ಕೆ ಆಜಿ ಮತ್ತೆ ಸಿಂಧೂರ ಮೆತ್ತಿಕೊಳ್ಳುತ್ತಾಳೆ ಎಂದು ಸಮಾಧಾನವನ್ನೂ ಹೇಳಿಕೊಂಡೆ. ಸಂಜೆಯೊಳಗೆ ಕಲ್ಲನ್ನು ಸೀಮೆಎಣ್ಣೆ ಹಾಕಿ ಗೋಣಿತಾಟಿನಿಂದ ತಿಕ್ಕಿ, ಎರಡು ಕೈ ಸುಣ್ಣ ಹೊಡೆದು, ಅದರ ಮೇಲೆ ಕಪ್ಪು ಬಣ್ಣದಲ್ಲಿ ಏಳು ಎಂದು ಅಂಕಿ ಬರೆದರು. ಮನೆಗೆ ಬಂದಾಗ ನನ್ನವಳು ಕಾಲು ಊದಿಕೊಂಡು ಕೂತಿದ್ದಳು. ಆಜಿ ಬಿಸಿನೀರಿನ ಶಾಖ ಕೊಡುತ್ತಿದ್ದಳು.

ದೊಡ್ಡ ಸಾಹೇಬರು ಬಂದು, ಏಳೂ ಕಲ್ಲು ನೋಡಿ, ನನ್ನ ಕೈಕುಲುಕಿದರು. ಇತಿಹಾಸ ಪುಸ್ತಿಕೆಯಾಗಿ ಅಚ್ಚಾಯಿತು. ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು. ಅದರ ಸಾರಾಂಶವನ್ನು ಒಂದು ಹಲಗೆಯ ಮೇಲೆ ಬರೆಸಿ ಗೇಟಿನ ಪಕ್ಕ ನಿಲ್ಲಿಸಿದರು, ಹುಲ್ಲುಗಾವಲಿನ ವಾಕ್ಯವೂ ಸೇರಿ. ನಾನು ಪುಸ್ತಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಮೆರೆದೆ. ಸ್ಟೇಷನ್ ಹತ್ತಿರ ಉಡುಪಿಯವರೊಬ್ಬರ ಹೋಟೆಲಿತ್ತು, ಕನ್ನಡ ಮಾತಾಡಲೆಂದೇ ನಾನು ಅಲ್ಲಿಗೆ ಹೋಗುತ್ತಿದ್ದೆ. ಯಜಮಾನರು ಗಲ್ಲಾದಿಂದಲೇ ಕೂಗಿದರು.

"ಎಂತ ಮಾರಾಯ್ರೆ, ಮಿಲಿಟ್ರಿಯವರ ಸ್ಥಳಪುರಾಣ ಬರ್ದದ್ದಂತೆ ನೀವು? ದೇವರು ಯಾರು ಅದರಲ್ಲಿ?"

"ದೇವರಿಲ್ಲ, ಬರೀ ಇತಿಹಾಸ" ಎಂದೆ.

"ದೇವರಿಲ್ಲದ ಸ್ಥಳಪುರಾಣ ಉಂಟಾ ಎಲ್ಲಿಯಾದ್ರೂ?" ಎಂದು ನಕ್ಕು, ಒಂದು ಮಸಾಲೆದೋಸೆ ಹೆಚ್ಚಿಗೆ ಹಾಕಿಸಿದರು. ಅದನ್ನೂ ತಿಂದೆ.

ಫಾಲ್ಗುಣದಲ್ಲಿ ಮಗಳು ಹುಟ್ಟಿದಳು. ನಮ್ಮ ಕಡೆಯಿಂದ ಬಾಣಂತನಕ್ಕೆ ಯಾರೂ ಬರಲಾಗಲಿಲ್ಲ. ಆಜಿಯೇ ನಿಂತಳು. ಹಾಲು ಬರಲೆಂದು ಸಬ್ಬಸಿಗೆ ಸೊಪ್ಪು ತಂದಳು, ದಿನಾ ಮಗುವನ್ನು ಕಾಲಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿದಳು. ಅವಳ ಮೊಮ್ಮಗಳಿಗೂ ವೈಶಾಖದಲ್ಲಿ ಮದುವೆ ಗೊತ್ತಾಗಿತ್ತು. ಅವರಲ್ಲಿ ಮದುವೆಯ ಅರಿಶಿನ ಮೊದಲು ದೇವಿಗೆ ಏರಬೇಕು, ದೇವಿಯ ಮೈಮೇಲಿಂದ ತೆಗೆದ ಅರಿಶಿನವೇ ಹುಡುಗಿಯ ಮೈಗೆ. ಹನ್ನೊಂದು ಮನೆಗಳ ಹಿರಿಯರ ಪೈಕಿ ಉಳಿದವಳು ಆಜಿ ಒಬ್ಬಳೇ, ಜಾಗ ಬಿಟ್ಟಾಗ ಮೊಮ್ಮಗಳು ತೀರ ಚಿಕ್ಕವಳು. ಈ ಚೈತ್ರದಲ್ಲಿ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ, ನಮ್ಮ ಒಲೆ ಇಲ್ಲಿತ್ತು, ನಮ್ಮ ಅಂಗಳ ಇಲ್ಲಿತ್ತು ಎಂದು ತೋರಿಸಬೇಕು, ಮುಂದಿನ ವರ್ಷ ನಾನಿರುತ್ತೇನೋ ಇಲ್ಲವೋ ಎನ್ನುತ್ತಿದ್ದಳು. ನನ್ನವಳು ಬಾಣಂತಿ, ಹೊರಗೆ ಬರುವಂತಿಲ್ಲ. ಹರಕೆಯ ರವಿಕೆ ಕಣವನ್ನೂ, ಕುಂಕುಮ ಹಚ್ಚಿದ ಒಂದು ತೆಂಗಿನಕಾಯನ್ನೂ ಆಜಿಯ ಬುಟ್ಟಿಯಲ್ಲಿಟ್ಟು ಕಳಿಸಿದಳು.

ಆ ಹುಣ್ಣಿಮೆಯ ಬೆಳಿಗ್ಗೆ ಗೇಟಿನಲ್ಲಿದ್ದ ಕಾವಲಿನವನೂ ಹೊಸಬ. ಹಳಬ ಅವಸರದಲ್ಲಿ ವರ್ಗವಾಗಿ ಹೋಗುವಾಗ ಹೇಳಲು ಮರೆತಿದ್ದನೋ, ಇವನು ಕೇಳಲು ಮರೆತಿದ್ದನೋ. ಆಜಿ, ಮೊಮ್ಮಗಳು, ಇನ್ನೂ ಐದು ಜನ ಹೆಂಗಸರು ಅರಿಶಿನದ ತಟ್ಟೆ ಹಿಡಿದು ನಿಂತಿದ್ದರು. ಅವನು ಹಲಗೆ ತೋರಿಸಿ, ಇಲ್ಲಿ ಯಾವ ಊರೂ ಇರಲಿಲ್ಲ ಎಂದು ಬರೆದಿದೆಯಲ್ಲ ಎಂದನಂತೆ.

ಮೇಜರ್ ನನ್ನನ್ನು ಕರೆಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಈ ಮುದುಕಿ ಇಲ್ಲೊಂದು ಊರಿತ್ತು, ದೇವರಿದೆ, ಪ್ರತಿವರ್ಷ ಬಿಡುತ್ತಿದ್ದರು ಅನ್ನುತ್ತಾಳೆ. ನಿಮ್ಮ ಇತಿಹಾಸದಲ್ಲಿ ಇದು ಇಲ್ಲ. ನನಗೇನೂ ಅಭ್ಯಂತರವಿಲ್ಲ. ಹಾಗೊಂದು ಪದ್ಧತಿ ಇದ್ದದ್ದು ನಿಜವಾದರೆ ಹೇಳಿ, ಈಗಲೇ ಗೇಟು ತೆಗೆಸುತ್ತೇನೆ."

ಇದಕ್ಕಿಂತ ಸುಲಭವಾಗಿ ಯಾರಾದರೂ ಕೇಳಲು ಸಾಧ್ಯವೇ? ಹೌದು ಸಾರ್ ಎಂದಿದ್ದರೆ ಸಾಕಿತ್ತು. ಆದರೆ ಹೌದು ಎಂದರೆ, ಆ ದೇವರು ಎಲ್ಲಿದೆ ಎಂದು ಕೇಳುತ್ತಾರೆ. ಏಳನೆಯ ಕಲ್ಲಿನ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ. ಅಚ್ಚಾದ ಪುಸ್ತಿಕೆ, ಮೇಲಧಿಕಾರಿಗಳ ಮೆಚ್ಚುಗೆಯ ಪತ್ರ, ಕುಲುಕಿದ ಕೈ, ಎಲ್ಲ ಒಂದೇ ಕ್ಷಣಕ್ಕೆ ಕಣ್ಮುಂದೆ ಬಂದವು.

"ದಾಖಲೆಯಲ್ಲಿ ಏನೂ ಇಲ್ಲ, ಸಾರ್" ಎಂದೆ.

ಮಾತು ಸುಳ್ಳಲ್ಲ. ದಾಖಲೆ ಬರೆದವನೇ ನಾನು. ಮೇಜರ್, "ನಿಮಗೆ ಸ್ವಂತವಾಗಿ ಏನಾದರೂ ಗೊತ್ತೇ?" ಎಂದು ಇನ್ನೊಮ್ಮೆ ಕೇಳಿದರು. ನಾನು ತಲೆಯಾಡಿಸಿದೆ, ಗೊತ್ತಿಲ್ಲವೆಂದು.

ಹೊರಗೆ ವರಾಂಡಕ್ಕೆ ಬಂದೆ. ಗೇಟು ಅಲ್ಲಿಂದ ಐವತ್ತು ಹೆಜ್ಜೆ. ಆಜಿ ನನ್ನನ್ನು ಕಂಡಳು. ಅವಳ ಮುಖ ಅರಳಿತು. ತಿರುಗಿ ಕಾವಲಿನವನಿಗೆ, ಹೆಂಗಸರಿಗೆ, ಎಲ್ಲರಿಗೂ ಕೈಮಾಡಿ ನನ್ನನ್ನು ತೋರಿಸಿ, ಅಲ್ಲಿಂದಲೇ ಕೂಗಿದಳು:

"ಜಾವಯಬಾಪೂ! ಸಾಂಗಾ ನಾ ಹ್ಯಾಂನಾ!"

ಅಳಿಯಂದಿರೇ, ಇವರಿಗೊಂದು ಮಾತು ಹೇಳಿ. ನನ್ನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ನಾನು ಒಳಗೆ ಹೋದೆ. ಹೋಗಿ ಟೈಪ್‌ರೈಟರಿನ ಮುಂದೆ ಕೂತು, ಖಾಲಿ ಹಾಳೆ ಏರಿಸಿ, ಸದ್ದು ಬರಲೆಂದು ಏನೇನೋ ಕುಟ್ಟಿದೆ. ಮಧ್ಯಾಹ್ನ ಊಟದ ಗಂಟೆ ಹೊಡೆಯುವವರೆಗೆ ಅವರು ಬಿಸಿಲಲ್ಲೇ ನಿಂತಿದ್ದರು. ಕೊನೆಗೆ ಮುಳ್ಳುತಂತಿಯ ಬೇಲಿಯ ಸುತ್ತ ಹೋಗಿ, ಟಾಂಕಿ ಕಾಣುವ ಕಡೆ ನಿಂತು, ಒಳಗಿನ ಬಿಳಿಯ ಕಲ್ಲಿನ ಕಡೆಗೆ ಅರಿಶಿನ ಎರಚಿ ಹೋದರಂತೆ. ಸುಬೇದಾರರು ಅದನ್ನು ನೋಡಿದ್ದರು. ಅಂದಿನಿಂದ ಅವರು ನನ್ನನ್ನು ಬಾಬೂಜಿ ಎನ್ನುವುದನ್ನು ಬಿಟ್ಟು ಬಾಬೂ ಎಂದಷ್ಟೇ ಕರೆದರು.

ತಪ್ಪು ತಿದ್ದಲು ನಾನು ಪ್ರಯತ್ನಪಡಲಿಲ್ಲವೆಂದಲ್ಲ. ಅರ್ಧ ಪುಟದ ಒಂದು ತಿದ್ದುಪಡಿ ಟೈಪು ಮಾಡಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದೆ. ಮೇಜರ್ ವರ್ಗವಾದರು, ನಾನೂ ಬೇರೆ ಕೆಲಸ ಹಿಡಿದೆ, ಆಮೇಲೆ ಠಾಣೆಯೇ ಎದ್ದುಹೋಯಿತು. ಕಾಗದ ಚೀಲದಲ್ಲೇ ಎಣ್ಣೆ ಕುಡಿದು ಹರಿಯಿತು. ಹೆಂಡತಿಗೂ ಹೇಳಲಿಲ್ಲ. ಅವಳು ಹೋಗಿ ಎರಡು ವರ್ಷವಾಯಿತು. ಇದನ್ನೋದಿ ನನ್ನ ಮುಖ ನೋಡಬೇಕಾದವಳು ಇಲ್ಲದಿರುವುದರಿಂದಲೇ ಬರೆಯುವ ಧೈರ್ಯ ಬಂದಿದೆ. ಇದೂ ಹೇಡಿತನವೇ.

ಹುಣ್ಣಿಮೆಯ ಮರುದಿನ ಬೆಳಿಗ್ಗೆ ಆಜಿ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ನಾನು ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದೆ. ಅವಳು ನನ್ನನ್ನು ದಾಟಿಕೊಂಡು ಒಳಗೆ ಹೋಗಿ, ಕುಂಕುಮ ಹಚ್ಚಿದ ಅದೇ ಕಾಯನ್ನೂ ಮಡಿಸಿದ ರವಿಕೆ ಕಣವನ್ನೂ ನನ್ನವಳ ಮುಂದಿಟ್ಟಳು. ಮಗುವನ್ನು ಕಾಲಮೇಲೆ ಹಾಕಿಕೊಂಡು, ಅಂಗೈಗೆ ಎಣ್ಣೆ ಸುರಿದುಕೊಳ್ಳುತ್ತಾ, ನಡೆದದ್ದನ್ನು ಮೆಲ್ಲಗೆ ಹೇಳಿದಳು. ಗೇಟು ತೆಗೆಯಲಿಲ್ಲ. ಹೊಸ ಜನ, ಅವರಿಗೇನು ಗೊತ್ತು.

"ಇವರು ಇದ್ದರಲ್ಲ ಅಲ್ಲಿ?" ಎಂದು ನನ್ನವಳು ಮರಾಠಿಯಲ್ಲಿ ಕೇಳಿದಳು.

"ಜಾವಯ ನವ್ಹತೇ ತಿಥೇ" ಎಂದಳು ಆಜಿ. ಅಳಿಯ ಅಲ್ಲಿರಲಿಲ್ಲ.

ಬೂಟಿನ ದಾರ ಕೈಯಲ್ಲೇ ಉಳಿಯಿತು. ನನ್ನವಳು ಬಾಗಿಲ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ನನ್ನ ಮೇಲಿನ ನಂಬಿಕೆಯೂ ಇತ್ತು.

"ನೀವು ಅಲ್ಲಿದ್ದಿದ್ರೆ ಒಳಗೆ ಬಿಡಿಸ್ತಿದ್ರಿ, ಅಲ್ವೇನ್ರೀ?"

ಆಜಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅವಳ ಕೈ ಮಗುವಿನ ಬೆನ್ನ ಮೇಲೆ ನಿಂತಿತು.

"ಹೂಂ" ಎಂದೆ.

ಕೈ ಮತ್ತೆ ಆಡಿತು. ಆಜಿ ತಲೆಯೆತ್ತದೆ, ಮಗುವಿಗೆ ಎಣ್ಣೆ ತಿಕ್ಕುತ್ತಲೇ, ಆಫೀಸಿಗೆ ಹೊತ್ತಾಯಿತು, ಹೊರಡಿ ಜಾವಯಬಾಪೂ ಎಂದಳು. ನಾನು ಹೊರಟೆ.